ಲಾಯದಲ್ಲಿ ಸೀಸ

ಹುಲ್ಲು ತಿನ್ನದು, ಲದ್ದಿ ಹಾಕದು,
ಬಾಲ ಬೀಸಿ ನೊಣ ಓಡಿಸದು,
ಮುಂದೆ ಎಳೆಯುವವರಿಲ್ಲ, ಹಿಂದೆ ಸಾರಥಿ.
ಏನು ಹೇಳು?
ಬೂಟು ಕಳಚುವ ಮೊದಲೇ ಅಪ್ಪ ಒಗಟು ಹಾಕಿದ.
ಹೆಣದ ಗಾಡಿ, ಅಂದಳು ಅಮ್ಮ.
ಅಪ್ಪ ನಕ್ಕ. ಹೊಸ ಕೆಲಸ ಸಿಕ್ಕಿತ್ತು.

ಮಾತ್ಯೆ ಹೌಸ್ಕ, ಬೊಹೀಮಿಯಾದ ಲಾಳಗಾರನ ಮಗ,
ನ್ಯೂಯಾರ್ಕಿನ ಲಾಯದಲ್ಲಿ ಹನ್ನೊಂದು ವರ್ಷ
ಮೈ ತಿಕ್ಕಿದವನು, ಗೊರಸು ಕೆರೆದವನು,
ಈಗ ಬ್ರಾಡ್‌ವೇಯ ಬ್ಯಾಟರಿ ಮನೆಗೆ.
ಕುದುರೆ ಕಂಡರೆ ಕಾಲುನೋವು ಬರುತ್ತಿತ್ತು ಈ ಊರಿಗೆ,
ಈಗ ಕುದುರೆ ಕಾಣದಿದ್ದರೇ ನೋವಂತೆ, ಅಂದ.
ವಾರಕ್ಕೆ ಎರಡು ಡಾಲರು ಹೆಚ್ಚು.

ಗಾಡಿ ಹಿಮ್ಮುಖ ಬಂದು ಕಟ್ಟೆಗೆ ಆನಿಕೊಂಡರೆ
ನೀರೊತ್ತಡದ ತೋಳೊಂದು ಅದರ ಹೊಟ್ಟೆಗೆ ಕೈ ಹಾಕಿ
ಹೋರಿ ತೂಕದ ಸೀಸ ಹೊರಗೆಳೆದು
ಇನ್ನೊಂದನ್ನು ಒಳಗೆ ನೂಕುತ್ತಿತ್ತು,
ಬೀಡಾಡಿಯೊಬ್ಬ ಪೈಪು ಹೊತ್ತಿಸಿಕೊಳ್ಳುವಷ್ಟರಲ್ಲಿ.
ಕುದುರೆಗೆ ಹೀಗೆ ಕರುಳು ಬದಲಿಸಿ ಕಳಿಸಲಾದೀತೆ?
ಕೇಳುತ್ತಿದ್ದ ಅಪ್ಪ. ಉತ್ತರ ಬೇಕಿರಲಿಲ್ಲ ಅವನಿಗೆ.

ಹಳೆಯ ಚಾಳಿ ಮಾತ್ರ ಬಿಡಲಿಲ್ಲ:
ಹೊರಡುವ ಗಾಡಿಯ ಪಕ್ಕೆ ತಟ್ಟುವುದು,
ನಾಲಿಗೆ ಅಂಗುಳಿಗೆ ಹಚ್ಚಿ ಲೊಚಗುಟ್ಟುವುದು.
ಹದಿನೇಳನೇ ನಂಬರಿನದಕ್ಕೆ ಬ್ಯೆಲ್ಕಾ ಎಂದು ಹೆಸರು,
ಸತ್ತ ಬಿಳಿ ಹೆಣ್ಣುಗುದುರೆಯದು.

ನನಗೆ ಒಂಬತ್ತು ತುಂಬಿದ ಫೆಬ್ರವರಿಯಲ್ಲಿ
ಹಿಮ ಬಿತ್ತು, ಕಿಟಕಿಯ ಮಟ್ಟಕ್ಕೆ.
ತಿರುವುತಿರುವಿಗೂ ಜಾರಿ ಬಿದ್ದ ಕುದುರೆಗಳು,
ಅವುಗಳ ಮೇಲೆ ಗೋಣಿ.
ಗುಂಯ್ ಅನ್ನುತ್ತ ಬಂದವಳು ಬ್ಯೆಲ್ಕಾ ಒಬ್ಬಳೇ,
ಸೂಲಗಿತ್ತಿಯನ್ನು ಕೂರಿಸಿಕೊಂಡು.
ನನ್ನ ತಮ್ಮ ಹುಟ್ಟಿದ್ದು ಹಾಗೆ.
ಡೆನಿಸ್ ಕಾರ್ಬರಿ, ಟೋಪಿಯ ಮೇಲೆ ಗೇಣು ಹಿಮ,
ಬಾಡಿಗೆ ಬೇಡವೆಂದ.
ನಾನು ಬಡಿಸಿದ ಕೋಸಿನ ಸಾರು
ನಿಂತೇ ಕುಡಿದು ಹೋದ.
ನಮ್ಮ ಬೀದಿಗೆ ಆ ಗಾಡಿ ಬಂದದ್ದು ಅದೊಂದೇ ಸಲ.

ಅಪ್ಪನ ಅಂಗಿಯ ತೂತುಗಳ ಮಾತು ಹೇಳಬೇಕು.
ಸಂಜೆ ಸಾಸಿವೆಯಷ್ಟು, ಒಗೆದರೆ ಕಾಸಿನಗಲ.
ಆಸಿಡ್ಡು. ಅಮ್ಮ ತೇಪೆ ಹಾಕಿದಳು, ತೇಪೆಗೆ ತೇಪೆ,
ಕಡೆಗೆ ಅಂಗಿ ಯಾವುದು ಎಂದು
ಅವಳಿಗೇ ತಿಳಿಯದು.
ಒಸಡಿನ ಅಂಚಿನಲ್ಲಿ ಒಂದು ನೀಲಿ ಗೆರೆ,
ಪೆನ್ಸಿಲ್ಲಿನಲ್ಲಿ ಎಳೆದ ಹಾಗೆ.
ಮೊದಲು ಕಂಡವಳು ನಾನು.
ಯಾರಿಗೂ ಹೇಳಲಿಲ್ಲ.

ಮೇಲಿನ ಮಹಡಿಯ ಗುಮಾಸ್ತ ಶೇರು ಕೊಂಡ.
ಸಾವಿರ ಗಾಡಿಯಂತೆ, ಊರೂರಿಗೆ ಗಾಡಿಯಂತೆ!
ಕಾಗದದ ಮೇಲೆ ಓಡುವುದಕ್ಕೆ ಸೀಸ ಬೇಡವಲ್ಲ.
ಬ್ಯಾಟರಿ ಮನೆಗೆ ಹೊಸ ಹುಡುಗರು ಬಂದರು,
ತೊಳೆಯಲು ಪುರಸೊತ್ತಿಲ್ಲ, ತಣಿಯಲು ಬಿಡರು,
ಒಳಗಿನ ತಗಡು ಹುಡಿಹುಡಿ.

ಕುದುರೆ ದಣಿದರೆ ಮೊದಲೇ ಹೇಳುತ್ತೆ ಮಾತ್ಯೆ,
ಕಿವಿ ಜೋಲಿಸುತ್ತೆ. ಇದು ಹೇಳುವುದೇ ಇಲ್ಲ,
ಎನ್ನುತ್ತಿದ್ದ ಡೆನಿಸ್.
ನಡುಬೀದಿಯಲ್ಲಿ ಸುಮ್ಮನಾಗುತ್ತೆ,
ಒಳಗೆ ಮದುಮಗಳು.
ಸುತ್ತ ಪೋಕರಿಗಳ ಕುಣಿತ:
ಕುದುರೆ ತನ್ನಿ! ಕುದುರೆ ತನ್ನಿ!

ತಂದರು. ಕಂಪನಿಯೇ ಬಾಡಿಗೆ ಕೊಟ್ಟು ತಂದಿತು.
ಬ್ಯೆಲ್ಕಾಳ ಮೂತಿಗೆ ಹಗ್ಗ ಬಿಗಿದವನು ಅಪ್ಪ.
ಹನ್ನೊಂದು ವರ್ಷ ಹಾಕಿದ ಅದೇ ಗಂಟು,
ಕೈ ಮರೆತಿರಲಿಲ್ಲ.

ಸೀಸ ತೂಕಕ್ಕೆ ಹೋಯಿತು.
ಗುಮಾಸ್ತ ಬಾಡಿಗೆ ಉಳಿಸಿ ರಾತ್ರೋರಾತ್ರಿ ಹೋದ.
ಹದಿನೇಳನೇ ನಂಬರಿನ ಮೈಯನ್ನು ಬ್ರಾಂಕ್ಸಿನ ಯಾರೋ
ಕೋಳಿಗೂಡಿಗೆಂದು ಕೊಂಡರು,
ಮೆತ್ತೆಯ ಸೀಟಿನ ಸಮೇತ.

ಈಗ ತಮ್ಮನದು ಪೆಟ್ರೋಲು ಟ್ಯಾಕ್ಸಿ.
ಅದು ಎರಡು ಬೀದಿ ಆಚೆ ಇರುವಾಗಲೇ
ನಮ್ಮ ಲೋಟಗಳು ನಡುಗುತ್ತವೆ.
ಅಪ್ಪನ ಮುಂಗೈಗಳು ಮಣಿಕಟ್ಟಿನಲ್ಲಿ ಜೋತಿವೆ,
ಸೀಸ ತಿಂದ ಕೈ ಹಾಗಾಗುತ್ತದಂತೆ;
ಚಮಚ ಹಿಡಿಯುವುದು ನಾನು.
ಬೆಳಿಗ್ಗೆ ತಮ್ಮ ಹ್ಯಾಂಡಲು ತಿರುವುವಾಗ
ಅಪ್ಪ ಕಿಟಕಿಗೆ ಮುಖ ಕೊಟ್ಟು
ನಾಲಿಗೆಯಲ್ಲಿ ಲೊಚಗುಟ್ಟುತ್ತಾನೆ.
ಆ ಗದ್ದಲದಲ್ಲಿ
ಅದು ತಮ್ಮನಿಗೆ ಕೇಳುವುದಿಲ್ಲ.