ಸಾರ್ವಜನಿಕರ ಗಮನಕ್ಕೆ

ದಿನಕ್ಕೆ ಒಂಬೈನೂರು, ಗ್ಯಾಸು ನನ್ನದೇ.
ಆಟೋದ ನೆತ್ತಿಗೆ ಎರಡು ಮೈಕು ಕಟ್ಟಿ
ವಾರ್ಡ್ ಆಫೀಸಿನವರು ಪೆನ್‌ಡ್ರೈವ್ ಕೊಟ್ಟರು.
ಅದರೊಳಗೆ ಒಬ್ಬ ಹೆಣ್ಣುಮಗಳು,
ಕೆಮ್ಮದವಳು, ದಣಿಯದವಳು,
ಕಾಮಾಕ್ಷಿಪಾಳ್ಯದ ಅಡ್ಡರಸ್ತೆಗಳಲ್ಲಿ
ಬೆಳಗಿನಿಂದ ಬೈಗಿನ ತನಕ
ಸಾರ್ವಜನಿಕರ ಗಮನಕ್ಕೆ, ಸಾರ್ವಜನಿಕರ ಗಮನಕ್ಕೆ.

ಬೀದಿಯಲ್ಲಿ ಸಾರ್ವಜನಿಕರೇ ಇರಲಿಲ್ಲ.
ಶೆಟರ್ ಎಳೆದ ಲೇತ್ ಅಂಗಡಿ, ಒಂದು ನಾಯಿ,
ಕಿಟಕಿಯಲ್ಲೊಂದು ಮಗು ಅವಳನ್ನು ಅಣಕಿಸಿ
'ಅಂತರ ಕಾಯ್ದುಕೊಳ್ಳೀ' ಅಂತ ಕೂಗುತ್ತಿತ್ತು
ಏಳು ಜನ ಮಲಗುವ ಒಂದೇ ಕೋಣೆಯಿಂದ.
ಆಗಾಗ ಕೈ ತೊಳೆಯಿರಿ ಅಂದಳು.
ನಲ್ಲಿ ಬರುವುದು ಮೂರು ದಿನಕ್ಕೊಮ್ಮೆ.
ಸುಳ್ಳು ಸುದ್ದಿ ನಂಬಬೇಡಿ ಅಂದಳು.
ಯಾವುದು ಅಂತ ಹೇಳಲಿಲ್ಲ.

ರಾತ್ರಿ ಊಟವಾದ ಮೇಲೆ ನನ್ನ ಕೆಲಸವೇ ಬೇರೆ.
ಸಂಬಳವಿಲ್ಲ, ಹೆಬ್ಬೆರಳು ಸಾಕು.
ಹತ್ತು ಗಂಟೆಗೆ ಹೆಲಿಕಾಪ್ಟರಿನಿಂದ ಔಷಧಿ ಸುರೀತಾರಂತೆ,
ಒಣಗಿದ ಬಟ್ಟೆ ಒಳಗೆ ತಗೊಳ್ಳಿ:
ಕಳಿಸಿದೆ.
ಮೂಗಿಗೆ ಎರಡು ಹನಿ ನಿಂಬೆರಸ:
ಕಳಿಸಿದೆ.
ಹೆಸರು ಹೇಳದ ಡಾಕ್ಟರೊಬ್ಬ ಅಳುತ್ತಾ ಮಾತಾಡಿದ.
ಕೇಳಿ ನಾನೂ ಅತ್ತು, ಅದನ್ನೂ.
ಹಣ್ಣಿನ ಗಾಡಿಯ ಆ ವಿಡಿಯೋ
ಕಳಿಸಿದೆನೋ ಇಲ್ಲವೋ, ನೆನಪಿಲ್ಲ.
ಫೋನಿಗೆ ನೆನಪಿರುತ್ತದೆ. ತೆಗೆದು ನೋಡಿಲ್ಲ.
ಹದಿನಾರು ವರ್ಷ ಗಾಡಿ ತಳ್ಳಿದ ದಸ್ತಗೀರ್
ಆಮೇಲೆ ನಮ್ಮ ರಸ್ತೆಗೆ ತಿರುಗಲಿಲ್ಲ.
ಅವನ ಸಪೋಟ ಚೀಪಿಕೊಂಡೇ
ನನ್ನ ಮಗಳಿಗೆ ಹಲ್ಲು ಮೂಡಿದ್ದು.

ಮಾರನೇ ಬೇಸಗೆ.
ಎದುರುಮನೆ ಸಾಕಮ್ಮ ಊದುಬತ್ತಿ ಪ್ಯಾಕು ಮಾಡುವವಳು,
ಗಂಧ ಯಾವುದು, ಕೇದಿಗೆ ಯಾವುದು
ಕಣ್ಣು ಮುಚ್ಚಿ ಮೂಸಿ ವಿಂಗಡಿಸುವವಳು,
ಒಂದು ಬೆಳಿಗ್ಗೆ ನನ್ನನ್ನು ಕೂಗಿ ಕರೆದಳು:
'ನೋಡಪ್ಪ, ಫ್ಯಾಕ್ಟರಿಯವರು ಈ ಸಲ
ಬರೀ ಕಡ್ಡಿ ಕಳಿಸವ್ರೆ.'
ಹೊಸಿಲಿನಾಚೆ ನಿಂತ ನನ್ನ ಮೂಗಿಗೆ
ಮನೆತುಂಬ ಮಲ್ಲಿಗೆ ಬಡಿಯುತ್ತಿತ್ತು.

ಸೂಜಿ ಹಾಕಿಸ್ಕೊಂಡಿಲ್ವಾ ಅಂದೆ.
'ಹಾಕಿಸ್ಕೊಂಡೋರು ಎರಡೇ ವರ್ಷ ಅಂತಲ್ಲ,
ನೀನೇ ಕಳ್ಸಿದ್ಯಲ್ಲ.'

ವಾರ್ ರೂಮಿಗೆ ಫೋನು ಹಚ್ಚಿದರೆ
ಮತ್ತದೇ ಹೆಣ್ಣುದನಿ, ದಯವಿಟ್ಟು ನಿರೀಕ್ಷಿಸಿ.
ಅದೇ ಆಟೋದಲ್ಲಿ ಅವಳನ್ನು ಒರಗಿಸಿಕೊಂಡು
ನಾಲ್ಕು ಆಸ್ಪತ್ರೆ, ನಾಲ್ಕು ಗೇಟು,
ಮೈಕು ಬಿಚ್ಚಲು ಪುರಸೊತ್ತಿರಲಿಲ್ಲ,
ತಲೆಯ ಮೇಲೆ ಬಾಯ್ತೆರೆದು ಸುಮ್ಮನಿದ್ದವು.
ಐದನೆಯದರಲ್ಲಿ ಮಂಚವಿಲ್ಲ, ಕುರ್ಚಿ ಇತ್ತು.
ಕುರ್ಚಿಗೆ ಅರ್ಧ ಸಿಲಿಂಡರ್.
ಅವಳಿಗೆ ಸಿಕ್ಕಿದ್ದು ಹನ್ನೊಂದು ದಿನ.
ಸುಮನಹಳ್ಳಿಯಲ್ಲಿ ನಮ್ಮ ಟೋಕನ್ ಇಪ್ಪತ್ತೇಳು.
ಮಗ ಊದುಬತ್ತಿಯ ಇಡೀ ಕಟ್ಟಿಗೆ ಕಡ್ಡಿ ಗೀರಿದ.

ಮಳೆಗಾಲಕ್ಕೆ ಮತ್ತೆ ಕರೆದರು, ಅದೇ ರೇಟು.
ಹಿಂದಿನ ಸೀಟಿನಲ್ಲಿ ಆಶಾದ ಶಮೀನಾ, ತೊಡೆಯ ಮೇಲೆ ಐಸ್ ಡಬ್ಬಿ.
ಪೆನ್‌ಡ್ರೈವಿನವಳು ಶುರು ಮಾಡಿದ ಕೂಡಲೇ
ಪಟಪಟ ಬಾಗಿಲು ಹಾಕಿಕೊಂಡವು.
ಎಂಟನೇ ಅಡ್ಡರಸ್ತೆಯ ತಿರುವಿನಲ್ಲಿ
ಅವಳನ್ನು ಕಿತ್ತು ಜೇಬಿಗೆ ಹಾಕಿಕೊಂಡೆ.
ಮೈಕು ಹಿಡಿದರೆ ಮೊದಲು ಬಂದದ್ದು ಕೆಮ್ಮು.
ಆಮೇಲೆ:
ಎರಡು ವರ್ಷದ ಮಾತು ಕಳಿಸಿದ್ದು ನಾನು, ಕಾಯಿನ್ ಮೀಟರ್ ಕೆಂಪಣ್ಣನ ಮಗ.
ನನಗೆ ಯಾರು ಕಳಿಸಿದರೋ ಗೊತ್ತಿಲ್ಲ.
ಸಾಕಮ್ಮ ಅದನ್ನು ನಂಬಿದ್ದಳು.
ನಾನು ಮಾತ್ರ ಹಾಕಿಸಿಕೊಂಡಿದ್ದೆ.

ನಾಲ್ಕು ಬಾಗಿಲು ತೆರೆದವು.
ಒಂದು, ಬೈಯುವುದಕ್ಕೆ.
ಇನ್ನೆರಡು ಮನೆಯಿಂದ ಬಂದವರು ಮುದುಕರು.
ಕೊನೆಗೆ ಸಾಕಮ್ಮನ ಸೊಸೆ,
ಬೆರಳಿಗೆ ಕಪ್ಪು ಪುಡಿ ಮೆತ್ತಿಕೊಂಡೇ ಬಂದಳು,
ನನ್ನ ಮುಖ ನೋಡಲಿಲ್ಲ,
ತೋಳು ಮಾತ್ರ ಮುಂದೆ ಚಾಚಿದಳು.

ಶಮೀನಾ ರಿಜಿಸ್ಟರಿನಲ್ಲಿ ಬರೆದಳು: ಮೂರು.

ಸಂಜೆ ಪೆನ್‌ಡ್ರೈವ್ ವಾಪಸು ಕೊಡುವಾಗ
ಆಫೀಸಿನವರು ತಲೆಯೆತ್ತದೆ ಕೇಳಿದರು,
'ವಾಯ್ಸ್ ಕ್ಲಿಯರಾಗಿ ಬಂತೇನಪ್ಪ?'