ಆಷಾಢದ ಹಲಗೆ

ದಡದ ಹತ್ತಿರ ನೀರು ಇಸ್ತ್ರಿ ಮಾಡಿದ ಹಾಗಿತ್ತು.
ಅದನ್ನೇ ನಂಬಿದ್ದು ನಾನು.

ವರುಣಾ ಕೆರೆಯಲ್ಲಿ ಅಲೆ ಎಲ್ಲಿಂದ ಬರಬೇಕು ಎಂದು
ನಕ್ಕಿದ್ದ, ಮಲ್ಪೆಯಲ್ಲಿ ಈ ಹಳೇ ಹಲಗೆ ಮಾರಿದವನು.
ನಮ್ಮ ಆಷಾಢದ ಗಾಳಿ ಅವನಿಗೇನು ಗೊತ್ತು:
ಹೊಲ ದಾಟಿ, ಏರಿ ಹತ್ತಿ,
ಬೆನ್ನಿಗೆ ಅಂಗೈ ಇಟ್ಟು ನೂಕುತ್ತದೆ.

ಬಲೆಯ ಸಿಕ್ಕು ಬಿಡಿಸುತ್ತ ಸಣ್ಣಮಾದ ಅಂದಿದ್ದ:
"ಈ ಗಾಳಿ ಹೋಗು ಅಂತದೆ ಕಣವ್ವ,
ಹೋಗ್ ಬಾ ಅನ್ನಕಿಲ್ಲ."

ಎದ್ದು ನಿಂತೆ. ಮೂರು ಉಸಿರು, ನಾಲ್ಕು,
ಹಲಗೆ ನೀರನ್ನೇ ಮರೆತು ಓಡಿತು.
ಕೂಗಿದೆ ಕೂಡ, ಏನೆಂದು ನೆನಪಿಲ್ಲ.
ನಡುಗೆರೆಯಲ್ಲಿ ನೀರಿಗೆ ಹಲ್ಲು ಬಂದಿತ್ತು.
ತಿರುಗಿ ನೋಡಿದರೆ ನನ್ನ ಸ್ಕೂಟರು
ಬೆಂಕಿಪೊಟ್ಟಣದಷ್ಟು.

ಹೊಟ್ಟೆಯಡಿ ಹಲಗೆ, ಬಾಯಲ್ಲಿ ಪಾಚಿಯ ರುಚಿ,
ಗಾಳಿಗೆ ನೆತ್ತಿ ಕೊಟ್ಟು ಒಂದೂವರೆ ಗಂಟೆ
ಕೈಯಲ್ಲೇ ಹುಟ್ಟು ಹಾಕಿದೆ.
ಹೊಸ ಮದುವಣಗಿತ್ತಿಯರು
ತವರಿಗೆ ಬರುವ ತಿಂಗಳು.

ಸಣ್ಣಮಾದ ಏನೂ ಅನ್ನಲಿಲ್ಲ.
ಬೀಡಿಗೆ ಕಡ್ಡಿ ಗೀರಿದ, ಆರಿತು. ಮತ್ತೆ ಗೀರಿದ.
ಬೇಲಿಗೆ ಸಿಕ್ಕಿಸಿದ್ದ ನನ್ನ ಟವೆಲ್ಲು
ಇನ್ನೂ ಕೆರೆಯ ಕಡೆಗೇ
ಕೈ ಚಾಚಿತ್ತು.