ಸೊನ್ನೆಯ ಹತ್ತಿರ

ಎರಡನೇ ಮಹಡಿಯ ಲ್ಯಾಬಿನಲ್ಲಿ ಇಪ್ಪತ್ತಮೂರು ಕಂಪ್ಯೂಟರು,
ಹದಿನೇಳಕ್ಕೆ ಜೀವ.
ಕೆಳಗೆ ರಸ್ತೆಯಲ್ಲಿ ನಾಲ್ಕು ಹತ್ತರ ತೀರ್ಥಹಳ್ಳಿ ಬಸ್ಸು
ಹಾರನ್ ಹೊಡೆದು ಕಾಯುತ್ತದೆ, ಹೋಗುತ್ತದೆ.
ಸಕ್ರೆಬೈಲಿನ ನಸೀಮಾ ಏಳಲಿಲ್ಲ.
ಒಂದೇ ಬೆರಳಲ್ಲಿ ಒತ್ತಿದಳು:
ಸೈನ್, ಕಂಸದೊಳಗೆ ಪೈ.

ಬರಬೇಕಾದ್ದು ಸೊನ್ನೆ.
ಬಂದದ್ದನ್ನು ಬಿಡಿಸಿ ಬರೆದರೆ
ಬಿಂದುವಿನಾಚೆ ಹದಿನೈದು ಸೊನ್ನೆ,
ಬಾಲಕ್ಕೆ ಒಂದು, ಎರಡು, ಎರಡು, ನಾಲ್ಕು, ಆರು.

'ಸಾರ್, ಇದಕ್ಕೂ ಸುಳ್ಳು ಹೇಳಕ್ಕೆ ಬರ್ತದಾ?'

ಹದಿನಾಲ್ಕು ವರ್ಷದಿಂದ ನನ್ನ ಉತ್ತರವೂ
ಒಳಗೇ ಕಟ್ಟಿಟ್ಟದ್ದು, ಗುಂಡಿ ಒತ್ತಿದರೆ ಸಾಕು:
'ಸೊನ್ನೆ ಅಂತಲೇ ಬರ್ಕೊ.
ಹೊರಗಿನ ಪರೀಕ್ಷಕರು ಕೇಳಿದ್ರೆ ರೌಂಡಿಂಗ್ ಅನ್ನು.'

ಬಿಡಲಿಲ್ಲ. ಹೊಟ್ಟೆ ತೋರಿಸು ಎಂದು
ಒಂದೊಂದೇ ಫಂಕ್ಷನ್ನಿಗೆ ಆಜ್ಞೆ ಕೊಟ್ಟಳು.
ಸರಾಸರಿ ತೆರೆದುಕೊಂಡಿತು, ಸಾಲು ಸಾಲಾಗಿ,
ಯಾರೋ ಬರೆದ ಟಿಪ್ಪಣಿ, ಅದರಲ್ಲೊಂದು ಕಾಗುಣಿತದ ತಪ್ಪು.
ಸೈನ್ ಮಾತ್ರ ಚಿಲಕದ ಹಿಂದಿನಿಂದಲೇ ಮಾತಾಡಿತು:
ನಾನು ಒಳಗಿನವನು.
ಅಷ್ಟೇ.

'ನಮ್ಮ ಅಬ್ಬಾನೂ ಹಿಂಗೇ ಸಾರ್.'
ಬಿಡಾರದಲ್ಲಿ ಕಾವಾಡಿ. ಹೊಸ ಡಾಕ್ಟರು
ಆನೆಯ ಎತ್ತರ ಕೇಳಿದರೆ ಕೋಲು ಹುಡುಕುವುದಿಲ್ಲ.
ಮುಂಗಾಲಿನ ಸುತ್ತ ಹಗ್ಗ ಬಳಸುತ್ತಾನೆ,
ಎರಡು ಪಟ್ಟು ಮಾಡುತ್ತಾನೆ, ನಾಲ್ಕು ಬೆರಳು ಕಳೆಯುತ್ತಾನೆ.
ಯಾಕೆ ಎರಡು ಪಟ್ಟು?
ಅದು ಹಂಗೇ.
ಯಾಕೆ ನಾಲ್ಕು ಬೆರಳು?
'ಚಂಪಾ ಉಸಿರಾಡ್ತಾಳಲ್ಲ ಹುಡುಗಿ.'

ರಾತ್ರಿ, ವಿನೋಬನಗರದ ನನ್ನ ಕೋಣೆಯಲ್ಲಿ,
ತಣ್ಣಗಾದ ಅನ್ನ ಕಲಸುತ್ತಾ ಹೊಳೆಯಿತು.
ಸುಳ್ಳು ಸೈನಿನದಲ್ಲ.
ನಾವು ಕೊಟ್ಟ ಪೈಯೇ ಮೊಟಕು.
ಎಲ್ಲೋ ಒಂದು ಕಡೆ ಕತ್ತರಿಸಲೇಬೇಕಲ್ಲ,
ಯಂತ್ರದ ಕೈಗೂ ಇಷ್ಟೇ ಅಂತ ಬೆರಳು.
ಎಷ್ಟು ಮೊಟಕೋ ಅಷ್ಟನ್ನೇ ಅದು
ಕಿರಾಣಿಯವನು ಚಿಲ್ಲರೆ ವಾಪಸು ಕೊಟ್ಟಂತೆ
ಎಣಿಸಿ ಕೊಟ್ಟಿದೆ, ಮುಖ ನೋಡದೆ.
ನಾನು ಅದನ್ನು ಇಷ್ಟು ವರ್ಷ
ಹೆಬ್ಬೆರಳಲ್ಲಿ ಒರೆಸಿಹಾಕಿಸುತ್ತಿದ್ದೆ,
ಎಂಟುನೂರು ಮಕ್ಕಳ ಕೈಯಲ್ಲಿ.

ಸೋಮವಾರ ನಸೀಮಾ ರೆಕಾರ್ಡ್ ತಂದಿಟ್ಟಳು.
ನನ್ನ ಮಾತು ಕೇಳಿರಲಿಲ್ಲ.
ಸೊನ್ನೆಗಳು ಅಂಚಿನ ಗೆರೆ ದಾಟಿ
ಹೊಲಿಗೆಯ ತನಕ ಹೋಗಿದ್ದವು.
ಪೆನ್ನಿನ ತುದಿ ಇಟ್ಟು ಎಣಿಸಿದೆ.
ಹದಿನಾಲ್ಕು.
ಕೆಂಪು ಶಾಯಿಯಲ್ಲಿ ಇನ್ನೊಂದು ತೂರಿಸಿ
ಸಹಿ ಹಾಕಿದೆ.